ತುಪ್ಪದ ಜೊತೆ ನುಂಗುವ ಮಾತ್ರೆ

ನಮ್ಮ ಮನೆಯಲ್ಲಿ ನನ್ನ ಮುಖಕ್ಕೆಂದೇ ಬೇರೆ ಅಡುಗೆ ಆಗುತ್ತಿತ್ತು. ಎಣ್ಣೆ ಇಲ್ಲ, ತುಪ್ಪ ಇಲ್ಲ, ಕಡಲೆಕಾಯಿ ಇಲ್ಲ. "ಒಟ್ಟೇಲಿರೋ ಉಷ್ಣ ಮುಖಕ್ಕೆ ಬಂದದೆ ಕಣೇ" ಎಂದು ಅಜ್ಜಿ ಮುನಿಕೆಂಪಮ್ಮ ತೀರ್ಪು ಕೊಟ್ಟಿದ್ದಳು. ಡಿಗ್ರಿ ಮುಗಿಯುವವರೆಗೂ ಸಪ್ಪೆ ಸಾರು ಉಂಡೆ. ಮೊಡವೆಗಳು ಮಾತ್ರ ಕೆನ್ನೆಯಿಂದ ಕುತ್ತಿಗೆಗೆ, ಅಲ್ಲಿಂದ ಬೆನ್ನಿಗೆ ಇಳಿದವು. ಒಳಗೇ ಕೀವು ಕಟ್ಟಿ ಗಂಟಾಗಿ, ದಿಂಬಿಗೆ ಕೆನ್ನೆ ತಾಗಿದರೂ ಎಚ್ಚರವಾಗುತ್ತಿತ್ತು.

ಸಂಜಯನಗರದ ಚರ್ಮದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ಬರೆದರು. ತುಟಿ ಒಡೆಯುತ್ತದೆ, ಮಧ್ಯೆ ನಿಲ್ಲಿಸಬೇಡ ಎಂದರು. ಮಾತ್ರೆ ನಡೆಯುವಾಗಲೂ ಮುಗಿದ ಮೇಲೆ ಒಂದು ತಿಂಗಳೂ ಬಸಿರಾಗಲೇಬಾರದು, ಮಗುವಿಗೆ ದೊಡ್ಡ ತೊಂದರೆಯಾಗುತ್ತದೆ ಎಂದು ಎರಡೆರಡು ಸಲ ಹೇಳಿದರು. "ಜಿಡ್ಡಿರೋ ಊಟದ ಜೊತೆ ತಗೋಬೇಕು. ಸಪ್ಪೆ ಊಟದಲ್ಲಿ ಇದು ಮೈಗೆ ಸರಿಯಾಗಿ ಹತ್ತಲ್ಲ."

ಅಮ್ಮ ಅರ್ಧ ಒಪ್ಪಿದಳು. ಮಾತ್ರೆ ಸರಿ, ತುಪ್ಪ ಬೇಡ. ನನ್ನ ವಾಕ್ಯಗಳೆಲ್ಲ ಮನಸ್ಸಿನಲ್ಲೇ ಪೂರ್ತಿಯಾಗಿ ಅಲ್ಲೇ ಒಣಗುತ್ತವೆ.

ಅಷ್ಟರಲ್ಲಿ ಯಲಹಂಕದ ಸಂಬಂಧ ಬಂತು. ಹುಡುಗ ಮಹೇಂದ್ರ. ಅವನ ತಾಯಿ ವೆಂಕಟಲಕ್ಷ್ಮಮ್ಮನಿಗೆ ಆಷಾಢಕ್ಕೆ ಮುಂಚೆ ಮದುವೆಯಾಗಬೇಕಿತ್ತು. ಯಲಹಂಕಕ್ಕೆ ಹತ್ತಿರದ ಸಿಂಗಾಪುರ ಹಳ್ಳಿಯ ನಮ್ಮ ಮನೆಗೆ ಅವರು ಮಾತಿಗೆ ಬರುವ ದಿನ ಬೆಳಿಗ್ಗೆ ಅಮ್ಮ, "ಪದ್ದು, ಇವತ್ತಿಂದ ಆ ಮಾತ್ರೆ ಬಿಟ್ಬಿಡು. ಗೊತ್ತಾದ್ರೆ ಇವ್ಳಿಗೆ ಮಕ್ಕಳಾಗಲ್ಲ ಅಂತ ಸುದ್ದಿ ಹಬ್ಬಿಸ್ತಾರೆ" ಎಂದು ಡಬ್ಬಿಯನ್ನು ಬೀರುವಿನಲ್ಲಿಟ್ಟು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಷ್ಟರೊಳಗೆ ನಾನೊಂದು ಮಾತ್ರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದೆ.

ಒಬ್ಬಟ್ಟಿನ ಊಟ. ವೆಂಕಟಲಕ್ಷ್ಮಮ್ಮ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು.

"ತುಟಿ ಯಾಕಮ್ಮ ಹಿಂಗೆ ಒಡ್ದಿದೆ?"

"ಬಿಸಿಲು ಕಣ್ರೀ" ಎಂದಳು ಅಮ್ಮ.

"ಮುಖದ್ದೂ ಯೋಚ್ನೆ ಮಾಡ್ಬೇಡಿ. ಒಂದು ಮಗು ಆಗ್ಲಿ, ಎಲ್ಲಾ ತಾನೇ ಹೋಗತ್ತೆ. ನಮ್ಮ ನಾದಿನಿ ಮುಖ ನೋಡ್ಬೇಕಿತ್ತು ನೀವು, ಜಲ್ಲಿ ರಸ್ತೆ."

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಮಹೇಂದ್ರ ಫೋನು ನೋಡುತ್ತಿದ್ದ. ಅವನ ಗಡ್ಡದೊಳಗೂ ಹಳೆಯ ಗುಳಿಗಳಿದ್ದವು. ಅವನಿಗೆ ಯಾರೂ ತುಪ್ಪ ತಪ್ಪಿಸಿದಂತೆ ಕಾಣಲಿಲ್ಲ.

ಅಜ್ಜಿ ತುಪ್ಪದ ಬಟ್ಟಲು ಹಿಡಿದು ಬಂದಳು. ಅವನ ಎಲೆಗೆ ಬಡಿಸಿದಳು, ಅವನ ತಾಯಿಯ ಎಲೆಗೂ ಬಡಿಸಿದಳು. ನನ್ನ ಎಲೆಯನ್ನು ದಾಟಿದಳು.

"ಅಜ್ಜಿ, ಇಲ್ಲಿಗೂ."

"ನಿಂಗ್ಯಾಕೆ? ಉಷ್ಣ."

ನಾನು ಎಡಗೈ ಚಾಚಿ ಬಟ್ಟಲನ್ನೇ ತೆಗೆದುಕೊಂಡು ಒಬ್ಬಟ್ಟು ಮುಳುಗುವಷ್ಟು ಸುರಿದುಕೊಂಡೆ. ಸೆರಗಿನ ಗಂಟು ಬಿಚ್ಚಿ ಮಾತ್ರೆಯನ್ನು ಎಲೆಯ ಮೇಲಿಟ್ಟೆ.

"ಮಗು ಆದ್ರೆ ಹೋಗೋದಲ್ಲ ಆಂಟಿ, ಇದಕ್ಕೆ ಔಷಧ ಇದು. ಇದನ್ನ ತಗೊಳ್ಳುವಾಗ ಮಗು ಆಗ್ಬಾರ್ದು. ಮುಗಿಯೋಕೆ ಇನ್ನೂ ನಾಲ್ಕು ತಿಂಗಳಿದೆ. ನಾನು ಬಿಡಲ್ಲ."

"ಪದ್ದು" ಎಂದಳು ಅಮ್ಮ ಮೆಲ್ಲಗೆ.

"ನಮಗೆ ಆಷಾಢದ ಮುಂಚೆ ಆಗ್ಬೇಕಿತ್ತಲ್ಲ" ಎಂದರು ವೆಂಕಟಲಕ್ಷ್ಮಮ್ಮ, ನನ್ನನ್ನಲ್ಲ, ಅಮ್ಮನನ್ನು ನೋಡಿ.

"ಹಾಗಾದ್ರೆ ಆಗಲ್ಲ" ಎಂದೆ ನಾನೇ. ಮಾತ್ರೆ ನುಂಗಿದೆ. ಒಬ್ಬಟ್ಟು ತಿಂದೆ. ಎಷ್ಟೋ ವರ್ಷಗಳ ಮೇಲೆ ತುಪ್ಪದ ವಾಸನೆ ನನ್ನ ಬೆರಳಿಗೆ ಹತ್ತಿತ್ತು.

ಅವರು ಎಲೆ ಅಡಿಕೆಗೂ ಕೂರದೆ ಹೊರಟರು. ಕಾರು ತಿರುವು ದಾಟಿದ ಮೇಲೆ ಅಜ್ಜಿ ಖಾಲಿ ಬಟ್ಟಲನ್ನು ಬಗ್ಗಿಸಿ ನೋಡಿದಳು.

"ಇಷ್ಟೂ ಸುರ್ಕೊಂಡ್ಯಾ? ನಾಳೆ ನೋಡು, ಮುಖ ಎಂಗಾಯ್ತದೆ ಅಂತ."

"ನೋಡೋಣ. ನಾಳೆನೂ ಬೇಕು."

ಅಮ್ಮ ಎಲೆಗಳನ್ನು ಮಡಚುತ್ತಿದ್ದಳು. ನಾನು ಹೋಗಿ ಅವಳೆದುರು ನಿಂತು ಕೈ ಚಾಚಿದೆ.

"ಬೀರು ಕೀಲಿ ಕೊಡಮ್ಮ."

"ಕೈ ತೊಳ್ಕೊಂಡು ಬಾ ಮೊದ್ಲು. ಜಿಡ್ಡು."

ನಾನು ಕದಲಲಿಲ್ಲ. ಅವಳು ಸೊಂಟದಿಂದ ಕೀಲಿ ಬಿಚ್ಚುವವರೆಗೂ ಆ ಜಿಡ್ಡುಗೈಯನ್ನು ಚಾಚಿಕೊಂಡೇ ನಿಂತಿದ್ದೆ.