ತಗಡಿನ ಪಾಲು

ಕಾರುಗಳ ಸೀಟು ಹೊಲಿಯುತ್ತಿದ್ದುದರಿಂದ ಬೀದಿಗೆಲ್ಲ ಅವಳು ಸೀಟಕ್ಕ. ಅಪ್ಪ ಸತ್ತಾಗ ಮನೆ ಅಣ್ಣನ ಪಾಲಾಯಿತು; ಅವಳಿಗೆ ಸಿಕ್ಕಿದ್ದು ಅಪ್ಪನ ಕಾರು. "ಮನೆಗೆ ಸಹಿ ಹಾಕ್ಬಿಡು, ಕಾರು ನೀನೇ ಇಟ್ಕೋ" ಎಂದಿದ್ದ ಅಣ್ಣ. ಆಗ ಅಂಥ ಕಾರುಗಳು ಬೀದಿಗೆ ಹತ್ತು. ಗುಜರಿಯವನು ಕೂಡ ಮೂಗು ಮುರಿಯುತ್ತಿದ್ದ. ಅವಳು ಸಹಿ ಹಾಕಿದಳು. ಕಾರಿನ ಕಾಗದ ಮಾತ್ರ ಅಪ್ಪನ ಹೆಸರಿನಲ್ಲೇ ಉಳಿಯಿತು. ಅಣ್ಣನ ಬಾಯಿಮಾತೇ ಸಾಕೆಂದುಕೊಂಡ ಪೆದ್ದಿ ಅವಳು.

ಮೂವತ್ತು ವರ್ಷ ಎಲ್ಲರೂ ಆಡಿಕೊಂಡು ನಕ್ಕರು. ಡಬ್ಬಾ ಅಂದರು, ತಳ್ಳುಗಾಡಿ ಅಂದರು. ಅವಳು ಎಂಜಿನ್ ಬಿಚ್ಚುವುದನ್ನು ಕಲಿತಳು, ತುಕ್ಕು ಕೆರೆದಳು, ಸೀಟು ಹರಿದಾಗ ಹಳೆಯ ತೂತುಗಳಲ್ಲೇ ದಾರ ತೂರಿಸಿ ಹೊಲಿದಳು. ಅಷ್ಟರಲ್ಲಿ ಉಳಿದವರ ಕಾರುಗಳೆಲ್ಲ ಗುಜರಿ ಸೇರಿ ಕರಗಿಹೋದವು.

ಈಗ ಅವಳ ಅಂಗಡಿಗೆ ಬಂದ ಅಣ್ಣ, ಹಳೇ ಕಾರು ಕೊಳ್ಳುವ ಶೋಕಿವಾಲನೊಬ್ಬನನ್ನು ಕರೆದುಕೊಂಡು.

"ಇಂಥದ್ದು ಇನ್ನು ಎರಡೋ ಮೂರೋ ಉಳಿದಿರಬಹುದು ಅಷ್ಟೇ" ಎಂದು ಶೋಕಿವಾಲ ಬಾಗಿಲು ಸವರಿದ. "ಒಂದು ಗೀರೂ ಇಲ್ಲ! ಒಂದು ಮನೆ ಬೆಲೆ ಬರುತ್ತೆ."

ಅಣ್ಣ ಗಂಟಲು ಸರಿಮಾಡಿಕೊಂಡ. "ಇನ್ನೂ ಅಪ್ಪನ ಹೆಸರಲ್ಲೇ ಇದೆಯಲ್ಲಮ್ಮ. ಅಂದ್ಮೇಲೆ ಅರ್ಧ ನಂದು."

ಸೀಟಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮನೆಯ ಮಾತೆತ್ತುವ ಹಾಗಿಲ್ಲ. ಅದಕ್ಕೆ ಅವಳ ಸಹಿ ಬಿದ್ದಾಗಿದೆ. ಯಾರಿಗೂ ಬೇಡದಿದ್ದಾಗ ಕಾರು ಅವಳದು; ಎಲ್ಲರಿಗೂ ಬೇಕಾದಾಗ ಅಪ್ಪನದು!

"ಅರ್ಧ ತಾನೇ? ತಗೊಂಡು ಹೋಗು."

ರೆಕ್ಸಿನ್‌ಗೆ ಗುರುತು ಹಾಕುವ ಸೀಮೆಸುಣ್ಣದಿಂದ ಬಾನೆಟ್ಟಿನ ನಟ್ಟನಡುವೆ ಗೆರೆ ಎಳೆದಳು. ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ಕಟಿಂಗ್ ಮಷೀನ್ ತಂದಳು. ಸುಮ್ಮನೆ ಹೆದರಿಸುತ್ತಿದ್ದಾಳೆ ಅಂದುಕೊಂಡರು ಇಬ್ಬರೂ. ಕಿಡಿ ಹಾರಿತು. ಒಂದು ಗೇಣು ತಗಡು ಸೀಳುವಷ್ಟರಲ್ಲಿ ಶೋಕಿವಾಲ ತಲೆ ಚಚ್ಚಿಕೊಳ್ಳುತ್ತ ಬೀದಿ ದಾಟಿದ್ದ.

"ನಿಲ್ಸೇ ಹುಚ್ಚಿ!" ಅಣ್ಣ ಅರಚಿದ. "ಇನ್ನು ಇದನ್ನ ಯಾರು ಮೂಸಿ ನೋಡ್ತಾರೆ? ನೀನೇ ಕಟ್ಕೊಂಡು ಸಾಯಿ!"

"ಹಾಗಂತ ಬರ್ಕೊಡು."

ಅವಳ ಕೈಯಲ್ಲಿ ಮಷೀನ್ ಇನ್ನೂ ಗುರ್ರೆನ್ನುತ್ತಿತ್ತು. ಬಿಲ್ ಪುಸ್ತಕದ ಹಾಳೆಯ ಹಿಂದೆ ಅಣ್ಣ ಬರೆದ, ಸಹಿ ಗೀಚಿದ, ಪುಸ್ತಕವನ್ನು ನೆಲಕ್ಕೆಸೆದು ಹೊರಟುಹೋದ.

ಅವಳು ಸೀಳಿನ ಮೇಲೆ ಬೆರಳಾಡಿಸಿದಳು. ಅಂಚು ಇನ್ನೂ ಸುಡುತ್ತಿತ್ತು. ಕಾರು ಅವಳದಾಗಿತ್ತು, ಆದರೂ ಸಿಟ್ಟು ಇಳಿಯಲಿಲ್ಲ. ಅಪ್ಪ ಬದುಕಿದ್ದರೆ ಈ ಸೀಳು ನೋಡಿ ಕೆನ್ನೆಗೆ ಬಾರಿಸುತ್ತಿದ್ದದ್ದು ಅವಳಿಗೇ, ಅಣ್ಣನಿಗಲ್ಲ.