ಒಣ ಮರಳಿನ ಸಾಕ್ಷಿ

“ಇದು ಯಾರನ್ನ ದಡ ಮುಟ್ಟಿಸ್ತದೋ, ಯಾರನ್ನ ನೀರಿಗೆ ಬಿಡ್ತದೋ?”

ನನ್ನ ಕೊನೆಯ ಬಿದಿರು ಸೀಳನ್ನು ಬಾಗಿಸಿ ಕಟ್ಟುತ್ತ ಮೇದಾರ ಸಣ್ಣೀರಪ್ಪ ಹೀಗೆಂದಾಗ ಸುತ್ತ ಯಾರೂ ಇರಲಿಲ್ಲ. ನಾನೊಂದು ಹರಿಗೋಲು. ಹುಟ್ಟುತ್ತಲೇ ಕಿವಿಗೆ ಬಿದ್ದ ಆ ಮಾತಿನಿಂದಲೋ ಏನೋ, ಹತ್ತಿದ ಪ್ರತಿ ಕಾಲನ್ನೂ ಅನುಮಾನಿಸುವುದೇ ನನ್ನ ಸ್ವಭಾವವಾಯಿತು.

ನನ್ನನ್ನು ಕೊಂಡವನು ಅಂಬಿಗರ ಹುಚ್ಚಂಗೆಪ್ಪ. ನಮ್ಮ ಕೆರೆ ಬಲು ದೊಡ್ಡದು. ಈ ದಡದ ಊರಿನ ಗುಡಿಯ ಗಂಟೆ ಆ ದಡದ ಊರಿಗೆ ಕೇಳಿಸದು. ನೋಡಲು ಬಂದವರನ್ನು ಏರಿಯ ಮೇಲಿನ ಊರಿನಲ್ಲಿ ಹತ್ತಿಸಿಕೊಂಡು, ನಡುಗಡ್ಡೆಯ ಕೊಕ್ಕರೆಗಳನ್ನು ತೋರಿಸಿ, ಕೋಡಿಯ ಕಡೆಯ ಊರಿನಲ್ಲಿ ಮೀನೂಟಕ್ಕೆ ಇಳಿಸುತ್ತಿದ್ದೆವು. ಹುಟ್ಟು ಹಾಕುತ್ತ ಅವನು ಅಪ್ಪನಿಂದ ಕಲಿತ ಪದ್ಯಗಳನ್ನು ರಾಗವಾಗಿ ಹೇಳುತ್ತಿದ್ದ. ದೇವರ ಮುಂದೆ ಕೂತಂತೆ ನಾನು ಸುಮ್ಮನೆ ಕೇಳುತ್ತಿದ್ದೆ.

ದಿನಾ ಬೆಳಿಗ್ಗೆ ಅವನಿಗೊಂದು ನೇಮವಿತ್ತು. ನನ್ನನ್ನು ಒಣ ಮರಳಿನ ಮೇಲಿಟ್ಟು, ಕೆರೆಗೆ ಕೈಮುಗಿದು, ನನ್ನೊಳಗೆ ಎರಡು ಕೊಡ ನೀರು ಸುರಿಯುತ್ತಿದ್ದ. ಒಂದು ಪದ್ಯ ಮುಗಿಯುವವರೆಗೆ ಕಾಯುತ್ತಿದ್ದ. ಅಡಿಯ ಮರಳು ಒಣಗಿದಂತೆಯೇ ಇದ್ದರೆ ಮಾತ್ರ ಜನ ಹತ್ತಬೇಕು. ಅವನೂ ನನ್ನನ್ನು ನಂಬುತ್ತಿರಲಿಲ್ಲ. ಅದಕ್ಕೇ ನಮಗಿಬ್ಬರಿಗೂ ಹೊಂದಿಕೆಯಾಯಿತು.

ಮೊಣಕಾಲು ಸೋತ ಮೇಲೆ ನನ್ನನ್ನು ಲಾಡ್ಜಿನ ಉಮಾಪತಿಗೆ ಮಾರಿದ. ತಿರುಗಿಯೂ ನೋಡಲಿಲ್ಲ.

ಉಮಾಪತಿ ನನಗೆ ನೀಲಿ ಬಣ್ಣ ಬಳಿಸಿದ, ರೆಕ್ಸಿನ್ ಮೆತ್ತೆ ಹಾಸಿದ. ನೀರು ಜಿನುಗದಂತೆ ತಳಕ್ಕೆ ಡಾಂಬರು ಮಾತ್ರ ಬಳಿಸಲಿಲ್ಲ. ಮೆತ್ತೆಯಡಿ ಒಂದು ಬಿದಿರು ಸೀಳು ಮುರಿದು ತಳದ ತಾಡಪಾಲನ್ನು ಚುಚ್ಚಿತ್ತು. ನನಗೆ ಗೊತ್ತಿತ್ತು, ಹೇಳಲು ಬಾಯಿಲ್ಲ.

ಆ ಭಾನುವಾರ ದಾವಣಗೆರೆಯಿಂದ ಅಜ್ಜಿಯೊಬ್ಬರು ಮಗಳನ್ನೂ ಅವಳ ಕೂಸನ್ನೂ ಕರೆದುಕೊಂಡು ಬಂದರು. ಹುಟ್ಟು ಹಾಕಲು ಬೇರಾರೂ ಸಿಗದೆ ಉಮಾಪತಿ ಹುಚ್ಚಂಗೆಪ್ಪನನ್ನೇ ಕರೆಸಿದ್ದ. ಮಾರಿ ಹೋದವನು ಈಗೇಕೆ ಬಂದ? ನಾನು ಅವನನ್ನೂ ಶಂಕಿಸಿದೆ.

ಅವನು ಬಂದವನೇ ಮೆತ್ತೆ ಕಿತ್ತೆಸೆದು, ಕೊಡ ತುಂಬಿ ತಂದು ನನ್ನೊಳಗೆ ಸುರಿದ.

“ಏನಜ್ಜ ನಿಂದು! ಬಂದೋರ ಮುಂದೆ ಹರಿಗೋಲಿಗೆ ಸ್ನಾನ ಮಾಡಿಸ್ತೀಯಾ?” ಉಮಾಪತಿ ಹಲ್ಲು ಕಡಿದ.

“ಸ್ನಾನ ಅಲ್ಲಪ್ಪಾ, ಸಾಕ್ಷಿ ಕೇಳ್ತಿದೀನಿ.”

ಪದ್ಯ ಶುರುವಾಯಿತು. ಎಷ್ಟು ದಿನವಾಗಿತ್ತು ಕೇಳಿ! ಅದು ಮುಗಿಯುವ ಮೊದಲೇ ನನ್ನಡಿಯ ಮರಳು ಕಪ್ಪಗಾಯಿತು. ಅಜ್ಜಿ ಕೂಸನ್ನು ಎದೆಗವಚಿಕೊಂಡು ಹಿಂದೆ ಸರಿದರು.

ಉಮಾಪತಿ ಮುದುಕನ ಕಿವಿಯ ಹತ್ತಿರ ಬಗ್ಗಿದ. “ನಡುಗಡ್ಡೆವರೆಗಾದ್ರೂ, ಒಂದೇ ಒಂದ್ ಸಲ. ನೀನು ಹತ್ತಿದ್ರೆ ಅವ್ರೂ ಹತ್ತುತಾರೆ. ಕಾಲಿಗೆ ಬೀಳ್ತೀನಿ, ಹುಟ್ಟು ಹಿಡಿಯಜ್ಜ.”

ಹುಚ್ಚಂಗೆಪ್ಪ ನನ್ನನ್ನು ಮಗುಚಿ ಹಾಕಿ, ಬೆನ್ನ ಮೇಲೆ ಭದ್ರವಾಗಿ ಕೂತ.

“ಹಿಡಿಯಲ್ಲ.”