ಬಸ್ಸಿನಲ್ಲೇ ಉಳಿದ ಅಮ್ಮ

ಸತ್ತ ತಾಯಿಗಾಗಿ ಮಗ ಅಳುವ ಹಾಡು ಹಾಡಿ ನನ್ನ ತಮ್ಮ ವರ್ಡನ್ ಹನ್ನೊಂದನೇ ವಯಸ್ಸಿಗೇ ಅಮೆರಿಕದ ನಮ್ಮ ಕೆಂಟಕಿ ರಾಜ್ಯದಾಚೆಗೂ ಹೆಸರು ಮಾಡಿದ. ರೇಡಿಯೊದಲ್ಲಿ ಆ ಹಾಡು ಬಂದರೆ ಕಲ್ಲಿದ್ದಲು ಗಣಿಯ ಗಂಡಸರೂ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಮ್ಮಮ್ಮ ಐಲೀನ್ ಮಾತ್ರ ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿ ಬದುಕಿದ್ದಳು.

ಒಂದು ಕಾರ್ಯಕ್ರಮಕ್ಕೆ ಹೋದಾಗ ಅಮ್ಮ ನಮ್ಮ ತಂಡದ ಬಸ್ಸಿನಿಂದ ಇಳಿಯುವಷ್ಟರಲ್ಲಿ ಮ್ಯಾನೇಜರ್ ಹಾಬರ್ಟ್ ಓಡಿ ಬಂದ. "ಅಮ್ಮಾವ್ರೇ, ಜನ ನಿಮ್ಮನ್ನ ನೋಡಿಬಿಟ್ರೆ ಹಾಡಿನ ಕಥೆ ಮುಗೀತು. ನೀವು ಬಸ್ಸಲ್ಲೇ ಇದ್ಬಿಡಿ."

"ಸತ್ತೋಳಿಗೆ ಕಾಫಿನಾದ್ರೂ ಕೊಡ್ತೀಯೋ, ಅದೂ ಇಲ್ವೋ?" ಎಂದು ಅಮ್ಮ ನಕ್ಕಳು. ನಕ್ಕಿದ್ದೇ ತಪ್ಪಾಯಿತು, ಒಪ್ಪಿದಳೆಂದೇ ಎಲ್ಲರೂ ತಿಳಿದರು.

ಆಮೇಲೆ ಯಾವ ಊರಿಗೆ ಹೋದರೂ ವರ್ಡನ್ ವೇದಿಕೆಯ ಮೇಲೆ, ನಾನು ಪಿಟೀಲು ಹಿಡಿದು ಅವನ ಹಿಂದೆ, ಅಮ್ಮ ಬಸ್ಸಿನ ಪರದೆ ಎಳೆದುಕೊಂಡು ಅವನ ಅಂಗಿಗಳಿಗೆ ಇಸ್ತ್ರಿ ಹಾಕುತ್ತ ಒಳಗೆ. ಯಾರಾದರೂ ವಿಚಾರಿಸಿದರೆ ಅಡುಗೆಯವಳು ಅನ್ನುತ್ತಿದ್ದೆವು. ವರ್ಡನ್‌ಗೆ ಮೀಸೆ ಬಂತು, ದನಿ ಒಡೆಯಿತು, ವರ್ಷಗಳುರುಳಿ ತಲೆಯೂ ನರೆಯಿತು, ಹೊಸ ಹಾಡು ಒಂದೂ ಕೈಹಿಡಿಯಲಿಲ್ಲ. ಜನಕ್ಕೆ ಬೇಕಾಗಿದ್ದು ಅದೊಂದೇ ಹಾಡು. ಹೊಟ್ಟೆಪಾಡಿಗಾಗಿ ಅಮ್ಮ ಸತ್ತೇ ಇರಬೇಕಾಯಿತು.

ಕಳೆದ ವರ್ಷ ಅವಳು ಬಾಯಿಬಿಟ್ಟು ಕೇಳಿದಳು. "ವರ್ಡೀ, ಒಂದೇ ಒಂದ್ಸಲ ಮುಂದಿನ ಸಾಲಲ್ಲಿ ಕೂತ್ಕೋತೀನೋ. ಇವಳು ನನ್ನಮ್ಮ ಅಂತ ಹೇಳ್ಬಿಡು, ಸಾಕು."

"ಈ ಸೀಸನ್ ಮುಗೀಲಿ ಅಮ್ಮಾ. ಆಮೇಲೆ ಹೇಳ್ತೀನಿ."

ನನಗೆ ಮೈಯೆಲ್ಲ ಉರಿಯಿತು. "ಅವಳಿಗೆ ಎಂಬತ್ತು ದಾಟಿದೆ ಕಣೋ, ಮೂರ್ಖ!" ಎಂದೆ. ಅವನು ತಲೆಯೆತ್ತದೆ ಗಿಟಾರಿನ ತಂತಿ ಬಿಗಿ ಮಾಡುತ್ತ ಕೂತ.

ಸೀಸನ್ ಮುಗಿಯುವ ಮೊದಲೇ ಅಮ್ಮ ಹೋದಳು. ಮಣ್ಣು ಮಾಡಿ ಬಂದ ವಾರದಲ್ಲೇ ಒಂದು ಹೈಸ್ಕೂಲಿನ ಸಭಾಂಗಣದಲ್ಲಿ ಕಾರ್ಯಕ್ರಮವಿತ್ತು. ವರ್ಡನ್ ಆ ಹಾಡಿನ ಮೊದಲ ಸಾಲು ಹಾಡಿದವನು ಅಲ್ಲೇ ನಿಂತುಬಿಟ್ಟ. ನಾನೂ ಪಿಟೀಲು ಇಳಿಸಿದೆ.

"ನನ್ನಮ್ಮ ಹೋಗ್ಬಿಟ್ಲು" ಎಂದು ಮೈಕಿನಲ್ಲೇ ಬಿಕ್ಕಿದ.

ಜನ ಎಂದಿನಂತೆ ಕರವಸ್ತ್ರ ತೆಗೆದರು. ಮುಂದಿನ ಸಾಲಿನಿಂದ ಒಬ್ಬ ಮುದುಕಿ ಕೋಲೂರಿಕೊಂಡು ವೇದಿಕೆಯ ಹತ್ತಿರ ಬಂದಳು. "ಗೊತ್ತು ಕಣೋ ಮಗನೇ. ನೀನು ಇಷ್ಟುದ್ದ ಇದ್ದಾಗಿಂದ ಅವಳಿಗೋಸ್ಕರ ಅಳ್ತಾನೇ ಇದೀವಲ್ಲ. ಹಾಡು."

ಅವನು ಅವಳೆದುರು ಮಂಡಿಯೂರಿದ. "ಇಲ್ಲಮ್ಮಾ, ಮೊನ್ನೆ. ಮೊನ್ನೆ ತಾನೇ ಹೋಗಿದ್ದು."

ಮುದುಕಿ ಅವನ ಕೆನ್ನೆ ಸವರಿದಳು. "ನಂಗೂ ಹಂಗೇ ಅನ್ಸುತ್ತೆ ಕಂದಾ. ಮೊನ್ನೆ ಮೊನ್ನೆ ಹೋದಂಗೇ ಇದೆ."